ಇದು ಬೇರೆ ಹೊಟ್ಟೆಯುರಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನೆಂಟರು ಆಸ್ಪತ್ರೆಗೆಂದು ಮೈಸೂರಿಗೆ ಬಂದರೆ ಒಂದು ರಾತ್ರಿ ನಮ್ಮ ನಿಮ್ಮ ಮನೆಯಲ್ಲೇ ಉಳಿಯುವುದುಂಟು, ಅಲ್ವೇ? ನಮ್ಮ ಮನೆಗೂ ಹೀಗೇ ಒಬ್ಬ ಅಕ್ಕ ಬರುತ್ತಿದ್ದರು. ಊಟವಾದ ಸ್ವಲ್ಪ ಹೊತ್ತಿಗೆ "ಹೊಟ್ಟೆಯೆಲ್ಲಾ ಉರಿ ಕಣವ್ವ" ಅನ್ನೋರು. ನಾನು ಫ್ರಿಜ್ ಮೇಲಿದ್ದ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಎರಡು ಚಮಚ ಕೊಟ್ಟು ಸುಮ್ಮನಾಗುತ್ತಿದ್ದೆ. ಎಚ್‌ಐವಿಗೆ ಎಆರ್‌ಟಿ ಮಾತ್ರೆ ನುಂಗುತ್ತಿರುವುದನ್ನು ಅವರೇ ಬಾಯಿಬಿಟ್ಟು ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಸಿರಪ್‌ನಲ್ಲಿ ತಪ್ಪೇನಿದೆ ಅಂತೀರಾ? ಈಗ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧಿಯಿದೆ. ಆಂಟಾಸಿಡ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ ಅದಕ್ಕೆ ಅಂಟಿಕೊಂಡರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮಾತ್ರೆ ನುಂಗಿ 2 ಗಂಟೆಯಾದ ಮೇಲೆ ಆಂಟಾಸಿಡ್ ಕುಡಿಯಬಹುದು. ಆಂಟಾಸಿಡ್ ಮೊದಲೇ ಕುಡಿದಿದ್ದರೆ ಮಾತ್ರೆಗೆ 6 ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಲೆಕ್ಕ. ಊಟದ ಜತೆಗಾದರೆ ಮಾತ್ರ ಒಟ್ಟಿಗೇ ತಗೊಳ್ಳಬಹುದು.

ಇನ್ನು ಉರಿಯ ಮೂಲ. ಹಲವರಲ್ಲಿ ಅದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಹೊಟ್ಟೆಯ ಆಮ್ಲದಲ್ಲೂ ಬದುಕಿಕೊಂಡು ಒಳಗೋಡೆಯಲ್ಲಿ ಹುಣ್ಣು ಮಾಡುತ್ತೆ. (ಇದನ್ನು ತೋರಿಸಲು ಆಸ್ಟ್ರೇಲಿಯಾದ ಡಾ. ಬ್ಯಾರಿ ಮಾರ್ಷಲ್ ಆ ಕ್ರಿಮಿಯನ್ನು ತಾವೇ ಕುಡಿದರು! 2005ರಲ್ಲಿ ನೊಬೆಲ್ ಬಂತು.) ನೆಂಟರ ತಟ್ಟೆ ಬೇರೆ ಇಡುವವರೇ, ಕೇಳಿ: ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಚಿಕ್ಕಂದಿನಿಂದ ನಿಮ್ಮ ಹೊಟ್ಟೆಯಲ್ಲೇ ಇರಬಹುದು. ಎಚ್‌ಐವಿಯಂತೂ ತಟ್ಟೆ, ಲೋಟದಿಂದ ಹರಡುವುದೇ ಇಲ್ಲ.

ಹಾಗಂತ ಎಲ್ಲ ಉರಿಯೂ ಪೈಲೋರಿಯದಲ್ಲ. ರೋಗ ನಿರೋಧಕ ಶಕ್ತಿ ಕುಗ್ಗಿದವರಿಗೆ ನುಂಗುವಾಗ ನೋವಾದರೆ ಅನ್ನನಾಳದಲ್ಲಿ ಶಿಲೀಂಧ್ರದ ಸೋಂಕಿರಬಹುದು, ಅದರ ಔಷಧಿಯೇ ಬೇರೆ. ಮಲ ಕಪ್ಪಗಾದರೆ, ರಕ್ತ ವಾಂತಿಯಾದರೆ ಆ ಹೊತ್ತಿಗೇ ಆಸ್ಪತ್ರೆಗೆ ಓಡಬೇಕು. ಪೈಲೋರಿ ಇದೆಯೋ ಇಲ್ಲವೋ ಎಂಬುದು ಉಸಿರಿನ ಅಥವಾ ಮಲದ ಪರೀಕ್ಷೆ, ಎಂಡೋಸ್ಕೋಪಿಯಿಂದ ಗೊತ್ತಾಗುತ್ತೆ. ಇದ್ದರೆ ಸಾಮಾನ್ಯವಾಗಿ 14 ದಿನ ಆಂಟಿಬಯಾಟಿಕ್, ಜತೆಗೆ ಆಮ್ಲ ತಗ್ಗಿಸುವ ಮಾತ್ರೆ. ಅಟಜಾನವಿರ್‌ನಂಥ ಕೆಲವು ಎಆರ್‌ಟಿ ಔಷಧಿಗಳಿಗೆ ಈ ಆಮ್ಲದ ಮಾತ್ರೆ ಆಗಿಬರುವುದಿಲ್ಲ. ಅದಕ್ಕೇ ಹೊಟ್ಟೆ ನೋಡುವ ಡಾಕ್ಟರಿಗೂ ಎಆರ್‌ಟಿ ವಿಷಯ ಹೇಳಬೇಕು.

ಅಕ್ಕ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಾದೀತೆಂಬ ಭಯ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಗುಟ್ಟು ಕಾಯಬೇಕು, ಚಿಕಿತ್ಸೆ ನಿರಾಕರಿಸುವಂತಿಲ್ಲ. ಸಲಹೆಗೆ 1097 ಉಚಿತ ಸಹಾಯವಾಣಿಯಿದೆ.

ಮುಂದಿನ ಸಲ ನಾನೇ ಜತೆಗೆ ಹೋದೆ. ಎಆರ್‌ಟಿ ಚೀಟಿ ಮೇಜಿನ ಮೇಲಿಡುವಾಗ ಅಕ್ಕನ ಕೈ ನಡುಗುತ್ತಿತ್ತು. ಡಾಕ್ಟರು ಅದನ್ನು ಓದಿದರು, ಬರೆದಿದ್ದ ಔಷಧಿಯಲ್ಲಿ ಒಂದನ್ನು ಹೊಡೆದುಹಾಕಿ ಬೇರೆ ಬರೆದರು. "ಮೊದಲೇ ತೋರಿಸಬಾರದಿತ್ತೇನಮ್ಮಾ?" ಅಂದರು, ಅಷ್ಟೇ.