ಟ್ರ್ಯಾಕ್ಟರ್ ಕೊಂಡಿ: ಸ್ಥಳೀಯವಾಗಿ ಮಾಡಿಸುವಾಗ ಗಮನಿಸಬೇಕಾದ ಅಂಶಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹಟ್ಟಿ, ತಾಂಡಾಗಳಿಗೆ ಕುಡಿಯುವ ನೀರು ತಲುಪುವುದು ಬಹುಮಟ್ಟಿಗೆ ಟ್ರ್ಯಾಕ್ಟರ್ ಎಳೆಯುವ ಟ್ಯಾಂಕರಿನಿಂದಲೇ. ಕಸ, ಜಲ್ಲಿ, ಪೈಪುಗಳ ಸಾಗಣೆಯೂ ಟ್ರೈಲರಿನಲ್ಲಿಯೇ ನಡೆಯುತ್ತದೆ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಇರುವ ಕೊಂಡಿಯನ್ನು ಹಲವೆಡೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಲಾಗುತ್ತದೆ. ಕೊಂಡಿ ಎಷ್ಟೇ ಗಟ್ಟಿಯಾಗಿದ್ದರೂ, ಅದನ್ನು ಎಲ್ಲಿ ಕೂರಿಸಲಾಗಿದೆ ಎಂಬುದರ ಮೇಲೆ ಚಾಲಕನ ಪ್ರಾಣ ನಿಂತಿರುತ್ತದೆ.

ಎಳೆಯುವ ಬಿಂದುವಿನ ಎತ್ತರ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 5,000 ಲೀಟರ್ ನೀರು 5 ಟನ್. ಖಾಲಿ ಟ್ಯಾಂಕರಿನ ತೂಕ ಒಂದೂವರೆ ಟನ್ ಎಂದಿಟ್ಟುಕೊಂಡರೆ ಒಟ್ಟು ಆರೂವರೆ ಟನ್. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಈ ಭಾರವು ಟ್ರ್ಯಾಕ್ಟರನ್ನು ಸುಮಾರು 650 ಕಿಲೋ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗುವಿಕೆ ಹಿಂದಿನ ಚಕ್ರ ನೆಲ ಮುಟ್ಟುವ ಜಾಗವನ್ನು ಆಧಾರವಾಗಿಸಿಕೊಂಡು ಮುಂದಿನ ಚಕ್ರಗಳನ್ನು ಮೇಲೆತ್ತಲು ನೋಡುತ್ತದೆ. ಕೊಂಡಿ ನೆಲದಿಂದ 45 ಸೆಂಟಿಮೀಟರ್ ಬದಲು 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮಗುಚುವ ಒತ್ತಡ ಎರಡು ಪಟ್ಟಾಗುತ್ತದೆ. ಮುಂಭಾಗ ಒಮ್ಮೆ ಎದ್ದರೆ ಚಾಲಕನಿಗೆ ಕ್ಲಚ್ ಒತ್ತಲೂ ಸಮಯ ಸಿಗದಿರಬಹುದು. ಆದ್ದರಿಂದ ಕೊಂಡಿಯು ಯಾವಾಗಲೂ ಹಿಂದಿನ ಅಚ್ಚಿಗಿಂತ ಕೆಳಗೆ, ಕಂಪನಿ ನೀಡಿದ ಡ್ರಾಬಾರಿನ ಸ್ಥಾನದಲ್ಲಿಯೇ ಇರಬೇಕು. ನೇಗಿಲಿನ ಮೇಲ್ಕೊಂಡಿ ಸಿಕ್ಕಿಸುವ ಜಾಗಕ್ಕೆ ಟ್ರೈಲರ್ ಕಟ್ಟುವುದು ಅತ್ಯಂತ ಅಪಾಯಕರ.

ತಯಾರಿಕೆಯ ಕ್ರಮ

1. ಹಿಂದಿನ ಅಚ್ಚಿನ ಕವಚ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು; ಅದರ ಮೇಲಿನ ವೆಲ್ಡಿಂಗ್ ಸುಲಭವಾಗಿ ಬಿರುಕು ಬಿಡುತ್ತದೆ. ಕೊಂಡಿಯನ್ನು ಮೂಲ ರಂಧ್ರಗಳಲ್ಲಿ ಬೋಲ್ಟುಗಳಿಂದಲೇ ಬಿಗಿಯಬೇಕು.

2. ಟ್ರೈಲರಿನ ಕಣ್ಣು ಎರಡು ಪಟ್ಟಿಗಳ ನಡುವೆ ಕೂರುವಂತಿರಬೇಕು. ಎರಡೂ ಕಡೆ ಆಸರೆ ಪಡೆದ ಪಿನ್ನು ಒಂದೇ ಕಡೆ ಆಸರೆ ಪಡೆದ ಪಿನ್ನಿಗಿಂತ ಎರಡು ಪಟ್ಟು ಕತ್ತರಿ ಬಲ ತಾಳುತ್ತದೆ. ಪಟ್ಟಿಯ ದಪ್ಪ ಮೂಲ ಭಾಗಕ್ಕಿಂತ ಕಡಿಮೆ ಇರಬಾರದು.

3. ಕಟ್ಟಡದ ಕಂಬಿಯ ತುಂಡು, ಹಳೆಯ ಬೋಲ್ಟು ಪಿನ್ನಾಗಲಾರವು. ಗಡಸುಗೊಳಿಸಿದ ಉಕ್ಕಿನ ಸಿದ್ಧ ಪಿನ್ನನ್ನೇ ಕೊಳ್ಳಬೇಕು. 24 ಮಿಲಿಮೀಟರ್ ಪಿನ್ನು ಸವೆದು 20 ಆದರೆ ಅದರ ಬಲ ಶೇ. 70ಕ್ಕೆ ಇಳಿಯುತ್ತದೆ. ಲಾಕ್ ಪಿನ್ನಿನ ಬದಲಿಗೆ ತಂತಿ, ಮೊಳೆ ಬಳಸಬಾರದು.

4. ವೆಲ್ಡಿಂಗಿಗೆ ಮುನ್ನ ತುಕ್ಕು, ಬಣ್ಣ, ಎಣ್ಣೆ ತೆಗೆದು, ದಪ್ಪ ಪಟ್ಟಿಗಳ ಅಂಚನ್ನು ಓರೆಯಾಗಿ ಉಜ್ಜಿ, ಎರಡೂ ಬದಿಗೆ ಬೆಸೆಯಬೇಕು. ತೇವ ಹಿಡಿದ ರಾಡು ಬಳಸಬಾರದು.

5. ಪಿನ್ನು ಕಳಚಿದರೂ ಟ್ಯಾಂಕರ್ ಬೇರ್ಪಡದಂತೆ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಹಾಯಿಸಿ ಹಾಕಬೇಕು. ಇಳಿಜಾರಿನಲ್ಲಿ ಕಳಚಿದ ಟ್ಯಾಂಕರ್ ಉರುಳುವುದು ಬಿಂದಿಗೆ ಹಿಡಿದು ಕಾಯುತ್ತಿರುವ ಜನರ ಕಡೆಗೆ.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ಪ್ರಕರಣ 39ರಂತೆ ಅದಕ್ಕೆ ನೋಂದಣಿ ಬೇಕು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಪ್ರಕರಣ 52 ನಿರ್ಬಂಧಿಸುತ್ತದೆ. ಹೀಗಾಗಿ ಕಂಪನಿಯ ಡ್ರಾಬಾರ್ ದೊರೆಯುವಲ್ಲಿ ಅದನ್ನೇ ಹಾಕಿಸುವುದು ಉತ್ತಮ.

ಸದಸ್ಯರು ಮಾಡಬಹುದಾದುದು

ಟ್ಯಾಂಕರ್ ಬಾಡಿಗೆಗೆ ಪಡೆಯುವ ಮುನ್ನ, ಬಿಲ್ಲಿಗೆ ಒಪ್ಪಿಗೆ ನೀಡುವ ಮುನ್ನ, ಸದಸ್ಯರು ವಾಹನದ ಹಿಂದೆ ನಿಂತು ಐದು ಅಂಶಗಳನ್ನು ನೋಡಬಹುದು: ಕೊಂಡಿ ಅಚ್ಚಿಗಿಂತ ಕೆಳಗಿದೆಯೇ, ಪಿನ್ನು ಸವೆದಿದೆಯೇ, ಲಾಕ್ ಪಿನ್ನು ಇದೆಯೇ, ಬೆಸುಗೆಯಲ್ಲಿ ಬಿರುಕಿದೆಯೇ, ಸರಪಳಿ ಇದೆಯೇ. ಇದಕ್ಕೆ ಐದು ನಿಮಿಷ ಸಾಕು. ಯಾವ ಉಪಕರಣವೂ ಬೇಡ. ಒಂದರಲ್ಲಿ ಕೊರತೆ ಕಂಡರೂ ಸರಿಪಡಿಸಿದ ನಂತರವೇ ವಾಹನವನ್ನು ಕೆಲಸಕ್ಕೆ ಬಿಡತಕ್ಕದ್ದು. ನೀರು ಒಂದು ಗಂಟೆ ತಡವಾಗಿ ಬಂದರೆ ಜನ ಸಹಿಸಿಕೊಂಡಾರು. ಚಾಲಕನ ಜೀವ ಹೋದರೆ ಮರಳಿ ಬಾರದು.