ಕವಿಯ ಕಾಗದಗಳೂ ನಮ್ಮ ಅಟ್ಟಗಳೂ

ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಕೆಳಗಣ ಬೀದಿಯೊಂದರಲ್ಲಿ, ಹಳೆಯ ಮನೆಯೊಂದನ್ನು ಕೆಡಹುತ್ತಿದ್ದುದನ್ನು ನಾವು ಈಚೆಗೆ ಕಂಡೆವು. ತೊಲೆ ಬಾಗಿಲುಗಳಿಗೆ ಗಿರಾಕಿಗಳು ಬಂದು ಚೌಕಾಸಿ ನಡೆಸಿದ್ದರು. ಅಟ್ಟದಿಂದಿಳಿಸಿದ ಟ್ರಂಕಿನೊಳಗಣ ಕಾಗದಗಳನ್ನು ಮಾತ್ರ ಕೇಳುವವರಿಲ್ಲದೆ, ಗುಜರಿಯವನು ಗೋಣಿಗೆ ತುಂಬಿ ತಕ್ಕಡಿಗಿಟ್ಟನು. ತಂತಿಗೆ ಚುಚ್ಚಿದ್ದ ಕಾರ್ಡುಗಳು ಕಂತೆಕಂತೆಯಾಗಿ ಹಾಗೆಯೇ ಇದ್ದುವು. ಲಕೋಟೆಗಳಲ್ಲಿ ಅಂಚೆಚೀಟಿಯಿದ್ದ ಮೂಲೆಗೆ ಕತ್ತರಿ ಬಿದ್ದಿದ್ದಿತು. ಆ ಮನೆಯವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅಜ್ಜನ ಕಾಲದ ಕಾಗದಗಳಲ್ಲಿ ಏನಿರಬಹುದೆಂದು ಅವರಿಗೆ ತಿಳಿಯಹೇಳಿದವರಾದರೂ ಯಾರು?

ಕವಿಗಳ ಮನೆಯ ಕಾಗದಪತ್ರಗಳನ್ನು ಕಾಪಾಡಬೇಕೆಂಬ ಮಾತು ಎದ್ದಾಗಲೆಲ್ಲ, ಜನರು ಕವಿಯ ಮಕ್ಕಳು ಮೊಮ್ಮಕ್ಕಳ ಕಡೆಗೆ ಬೆರಳು ತೋರಿ ಸುಮ್ಮನಾಗುವರು. ಆದರೆ ಕವಿಯ ಪೆಟ್ಟಿಗೆಯಲ್ಲಿ ದೊರೆಯುವುದು ಅವನಿಗೆ ಬಂದ ಕಾಗದಗಳು. ಅವನು ಬರೆದ ಕಾಗದಗಳು, ನಕಲು ಇಟ್ಟುಕೊಳ್ಳುವ ಅಭ್ಯಾಸ ಅವನಿಗಿದ್ದ ಹೊರತು, ಪರರ ಪೆಟ್ಟಿಗೆಗಳಲ್ಲಿರುವುವು.

ಮಂಜೇಶ್ವರದ ಗೋವಿಂದ ಪೈಗಳ ವಿಷಯವನ್ನೇ ತೆಗೆದುಕೊಳ್ಳಿ. 1883ರಲ್ಲಿ ಮಂಗಳೂರಿನಲ್ಲಿ ಜನಿಸಿ, ಬಾಳಿನ ಬಹುಭಾಗವನ್ನು ಮಂಜೇಶ್ವರದಲ್ಲಿಯೇ ಕಳೆದು, 1963ರಲ್ಲಿ ದಿವಂಗತರಾದ ಈ ಮಹನೀಯರು ಪ್ರಾಸದ ಕಟ್ಟನ್ನು ಕಳಚಿ ಪದ್ಯ ರಚಿಸಿದ ಮೊದಲಿಗರಲ್ಲೊಬ್ಬರು. 1949ರಲ್ಲಿ ಮದ್ರಾಸು ಸರ್ಕಾರವು ಅವರಿಗೆ ರಾಷ್ಟ್ರಕವಿಯೆಂಬ ಬಿರುದನ್ನಿತ್ತಿತು. ಕಾಸರಗೋಡು ಕರ್ಣಾಟಕಕ್ಕೆ ಸೇರಬೇಕೆಂದು ಅವರು ಹಂಬಲಿಸಿದರೂ, 1956ರ ರಾಜ್ಯ ವಿಂಗಡಣೆಯಲ್ಲಿ ಅದು ಕೇರಳದ ಪಾಲಾಯಿತು. ಅವರ ಮನೆಯೂ ಆ ಕಡೆಗೇ ಉಳಿಯಿತು. ಪುಸ್ತಕಗಳು ಮಾತ್ರ ಅವರ ಮರಣಾನಂತರ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಬಂದುವು. ಹಾಗೆ ಬಂದ ಪುಸ್ತಕಗಳು ಬೀರುವಿನಲ್ಲಿ ಧೂಳು ಹಿಡಿದು ಕೂಡಲಿಲ್ಲ. ಅಲ್ಲಿಯ ಪ್ರಾಧ್ಯಾಪಕ ಕು. ಶಿ. ಹರಿದಾಸ ಭಟ್ಟರ ಪರಿಶ್ರಮದಿಂದ ಅವುಗಳ ಸುತ್ತ ಪೈಗಳ ಹೆಸರಿನ ಸಂಶೋಧನ ಕೇಂದ್ರವು ಬೆಳೆಯಿತು. ಆ ಕೇಂದ್ರದಿಂದಲೇ ಡಾಕ್ಟರ್ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, 1988ರಿಂದ 1997ರ ವರೆಗೆ, ಆರು ಸಂಪುಟಗಳ ತುಳು ನಿಘಂಟು ಹೊರಬಿದ್ದಿತು. ಒಬ್ಬ ಕವಿಯ ಸಂಗ್ರಹವನ್ನು ಒಡೆದು ಹಂಚದೆ ಒಂದೆಡೆ ಇಟ್ಟುದರ ಫಲವಿದು.

ಇನ್ನು ಪೈಗಳು ಬರೆದ ಕಾಗದಗಳೋ? ಅವರು ಬರಿಯ ಕವಿಗಳಲ್ಲ. ಶಾಸನ, ಕಾಲನಿರ್ಣಯ, ಸ್ಥಳನಾಮಗಳಲ್ಲಿ ಮುಳುಗಿದ್ದ ಪಂಡಿತರು. ಕಡಲ ತಡಿಯ ಸಣ್ಣ ಊರಿನಲ್ಲಿ ಕುಳಿತು ಅಂಥ ಚರ್ಚೆ ನಡೆಸುವವರಿಗೆ ಅಂಚೆಯವನೇ ಗತಿ. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ ಪರಿಷತ್ತು ನಮ್ಮ ಚಾಮರಾಜಪೇಟೆಯದು. ಬಸವನಗುಡಿ, ಗವಿಪುರ, ಹನುಮಂತನಗರಗಳಲ್ಲಿದ್ದ ಪಂಡಿತರ, ಉಪಾಧ್ಯಾಯರ ಮನೆಗಳಿಗೆ ಇಂಥವರ ಕಾರ್ಡುಗಳು ಬಂದಿರದೆ ಇರಲಾರವು. ಆ ಮನೆಗಳೇ ಈಗ ಒಂದೊಂದಾಗಿ ನೆಲಸಮವಾಗುತ್ತಿರುವುವು.

ಕಾಗದ ಉಳಿದರೇನು, ಅಳಿದರೇನು, ಕಾವ್ಯವು ಅಚ್ಚಾಗಿದೆಯಷ್ಟೆ ಎನ್ನುವವರುಂಟು. ಅವರು ಮುದ್ದಣನನ್ನು ನೆನೆಯಬೇಕು. ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನು ತನ್ನ ಕೃತಿಗಳನ್ನು ಹಳೆಯ ಓಲೆಯ ಪ್ರತಿಯೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡಾಗ ಅವನಿಗೆ 31 ವರ್ಷ. ಅಚ್ಚಾದ ಗ್ರಂಥವು ಕರ್ತೃವನ್ನು ಮರೆಮಾಚಿತ್ತು. ಕವಿಯಾರೆಂಬುದು ನಾಡಿಗೆ ನಿಶ್ಚಯವಾದುದು ಅವನು ಹೋದಮೇಲೆ. ತಾನೇ ಅಡಗಿಕೊಂಡ ಕವಿಯ ಸುಳಿವನ್ನು ಅವನ ಕೈಬರೆಹವಲ್ಲದೆ ಮತ್ತಾವುದು ಕೊಟ್ಟೀತು?

ಮನೆಯ ಸಾಲ, ದಾಯಾದಿ ಕಲಹಗಳೆಲ್ಲ ಬೀದಿಗೆ ಬಂದಾವೆಂಬ ಅಂಜಿಕೆ ಮನೆಯವರಿಗಿರುವುದು ಸಹಜ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಇಡಲು ಕೊಡುವುದು ಬೇರೆ, ಅಚ್ಚಿಗೆ ಕೊಡುವುದು ಬೇರೆ. ಇಂತಿಷ್ಟು ವರ್ಷ ತೆರೆಯಕೂಡದೆಂಬ ಕರಾರಿನೊಡನೆ ಕಂತೆಗೆ ಮೊಹರು ಹಾಕಿ ಒಪ್ಪಿಸಬಹುದು. ಕಾನೂನಿನಲ್ಲಿಯೂ ಕಾಗದದ ಹಾಳೆಯು ಪಡೆದವನ ಸ್ವತ್ತು, ಅದನ್ನು ಅಚ್ಚು ಮಾಡಿಸುವ ಹಕ್ಕು ಬರೆದವನದು, ಅವನ ತರುವಾಯ ವಾರಸುದಾರರದು.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಅಂಚೆಚೀಟಿಗಾಗಿ ಲಕೋಟೆಯನ್ನು ಕತ್ತರಿಸಬೇಡಿ. ತಾರೀಖು ಬರೆಯದ ಕಾಗದಕ್ಕೆ ಅಂಚೆಯ ಮೊಹರೇ ತಾರೀಖು. ಹರಿದುದಕ್ಕೆ ಅಂಟುಪಟ್ಟಿ ಹಚ್ಚಬೇಡಿ. ಅದರ ಗೋಂದು ಕಾಲಕ್ರಮದಲ್ಲಿ ಕಾಗದವನ್ನು ಕಂದಿಸುವುದು. ಕವಿತೆಯ ಹಾಳೆಗಳನ್ನು ಆರಿಸಿಕೊಂಡು ದಿನಸಿಯ ಲೆಕ್ಕದ ಚೀಟಿಗಳನ್ನು ಎಸೆಯಬೇಡಿ. ಕವಿಯು ಹೇಗೆ ಬಾಳಿದನೆಂಬುದು ಅವುಗಳಲ್ಲಿಯೇ ಹೆಚ್ಚು. ಹನುಮಂತನಗರದವರು ದೂರ ಹೋಗಬೇಕಾಗಿಯೂ ಇಲ್ಲ. ಪ್ರೊಫೆಸರ್ ಎಂ. ವಿ. ಸೀತಾರಾಮಯ್ಯನವರು 1979ರಲ್ಲಿ ಸ್ಥಾಪಿಸಿದ ಬಿ. ಎಂ. ಶ್ರೀ ಸ್ಮಾರಕ ಪ್ರತಿಷ್ಠಾನವು ನೆರೆಯ ನರಸಿಂಹರಾಜ ಕಾಲೊನಿಯಲ್ಲಿಯೇ ಹಸ್ತಪ್ರತಿಗಳನ್ನು ಕಾಪಿಡುತ್ತ ಬಂದಿದೆ. ಗುಜರಿಯವನನ್ನು ಕರೆಯುವ ಮೊದಲು ಅಲ್ಲಿಯವರನ್ನು ಒಂದು ಮಾತು ಕೇಳಬಹುದು.

ಅಂದು ಆ ಮನೆಯವರ ಒಪ್ಪಿಗೆ ಪಡೆದು, ಗುಜರಿಯವನಿಗೆ ತೂಕದ ಬೆಲೆಯನ್ನು ತೆತ್ತು, ಒಂದು ಕಂತೆಯನ್ನು ನಾವು ಕಚೇರಿಗೆ ತಂದೆವು. ಮದುವೆಯ ಮಾತುಕತೆ, ಮಳೆ ಬೆಳೆಯ ಸಮಾಚಾರಗಳೇ ಇದುವರೆಗೆ ಕಂಡುಬಂದಿರುವುವು. ಅರ್ಧ ಕಂತೆ ಇನ್ನೂ ಬಿಡಿಸುವುದಿದೆ.