ಉರಿಯದೆಯೂ ಕೆಡಿಸುವ ಜಲಜನಕ

2023ರ ಏಪ್ರಿಲ್ 2ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ರನ್‌ವೇಗೆ ಇಸ್ರೋದ ರೆಕ್ಕೆಯ ವಾಹನವೊಂದು ತಾನಾಗಿಯೇ ಬಂದಿಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಿತ್ತು, ಉಳಿದದ್ದು ಎಂಜಿನ್ನಿನ ಹಂಗಿಲ್ಲದ ತೇಲಾಟ. ಇಳಿಯುವುದಕ್ಕೆ ಇಷ್ಟು ಸಾಕು. ಆದರೆ ಭಾರದ ಉಪಗ್ರಹವನ್ನು ಹೊತ್ತು ಮೇಲೇರಬೇಕಾದರೆ ಇಸ್ರೋ ಕೂಡ ದ್ರವ ಜಲಜನಕದ ಮೊರೆ ಹೋಗುತ್ತದೆ. ಅದರ ಬೆನ್ನಿಗೇ ಸೋರಿಕೆಯ ಕಾಟ.

ಜಲಜನಕದ ಅಣುವಿಗಿಂತ ಹಗುರವಾದದ್ದು ಇನ್ನೊಂದಿಲ್ಲ. ದ್ರವವಾಗಿರಬೇಕಾದರೆ ಮೈನಸ್ 253 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ಆ ಚಳಿಗೆ ಲೋಹ ಕುಗ್ಗುತ್ತದೆ, ಸೀಲು ಬಿರುಸಾಗುತ್ತದೆ, ಬೆಸುಗೆಯಲ್ಲಿ ಸಂದು ಬಿಡುತ್ತದೆ. ಅಡುಗೆ ಅನಿಲಕ್ಕೆ ವಾಸನೆ ಬೆರೆಸಿದ್ದರಿಂದ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಇಲ್ಲಿ ಬೆರೆಸಿದ ವಾಸನೆಯೇ ಹೆಪ್ಪುಗಟ್ಟಿಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲಿನಿಂದ 75 ಪಾಲಿನವರೆಗೆ ಎಷ್ಟೇ ಬೆರೆತರೂ ಅದು ಹೊತ್ತಿಕೊಳ್ಳಬಲ್ಲದು, ಅದೂ ಬಟ್ಟೆಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿಗೆ. ಹಗಲಲ್ಲಿ ಜ್ವಾಲೆ ಕಣ್ಣಿಗೆ ಬೀಳುವುದೂ ಕಷ್ಟ. ನಾಸಾದವರು ಹಿಂದೆ ಪೊರಕೆಯನ್ನು ಮುಂದೆ ಚಾಚಿ ನಡೆಯುತ್ತಿದ್ದರಂತೆ: ಪೊರಕೆ ಹೊತ್ತಿಕೊಂಡರೆ ಅಲ್ಲಿ ಬೆಂಕಿ! ಅದೇ ನಾಸಾದ ಆರ್ಟೆಮಿಸ್-1 ರಾಕೆಟ್ ಜಲಜನಕ ತುಂಬುವಾಗಿನ ಸೋರಿಕೆಯಿಂದಾಗಿ 2022ರ ಸೆಪ್ಟೆಂಬರ್ 3ರಂದು ಹಾರಲಾಗದೆ ನಿಂತು, ನವೆಂಬರ್ 16ರಂದು ಹಾರಿತು.

ಆದರೆ ಸೋರಿಕೆ ಎಂದರೆ ಸ್ಫೋಟವೇ ಎಂದು ತಿಳಿಯಬೇಕಿಲ್ಲ. 2021ರ ಆಗಸ್ಟ್ 12ರಂದು ಶ್ರೀಹರಿಕೋಟದಿಂದ ಹೊರಟ ಜಿಎಸ್ಎಲ್‌ವಿ-ಎಫ್10 ರಾಕೆಟ್ಟಿನ ಮೊದಲೆರಡು ಹಂತಗಳು ಸರಿಯಾಗಿಯೇ ದುಡಿದವು. ಮೂರನೆಯ ಹಂತದ ಕ್ರಯೋಜೆನಿಕ್ ಎಂಜಿನ್, ಅಂದರೆ ದ್ರವ ಜಲಜನಕ ಉರಿಸುವ ಎಂಜಿನ್, ಮಾತ್ರ ಹೊತ್ತಲೇ ಇಲ್ಲ. ಜಲಜನಕದ ಟ್ಯಾಂಕಿನ ಒತ್ತಡ ಬಿಡುವ ಕವಾಟ ಸೋರಿರಬೇಕು ಎಂಬುದು ತನಿಖಾ ಸಮಿತಿಯ ನಿಲುವು; ಕವಾಟದ ಮೃದು ಸೀಲು ಹಾಳಾಗಿದ್ದಿರಬಹುದು. ಟ್ಯಾಂಕಿನೊಳಗಿನ ಒತ್ತಡ ಇಳಿಯಿತು, ಎಂಜಿನ್ನಿಗೆ ಇಂಧನ ನೂಕಬೇಕಿದ್ದ ಪಂಪು ತಡವರಿಸಿತು, ದಹನ ಕೋಣೆಗೆ ಸಾಕಷ್ಟು ಜಲಜನಕ ಹೋಗಲಿಲ್ಲ. ಅಷ್ಟು ಎತ್ತರದಲ್ಲಿ ಗಾಳಿಯೇ ಇಲ್ಲವೆನ್ನುವಷ್ಟು ವಿರಳ. ಹೊರಬಿದ್ದ ಅನಿಲ ಉರಿಯುವುದೆಲ್ಲಿ ಬಂತು? ಇಒಎಸ್-03 ಉಪಗ್ರಹ ಕಕ್ಷೆ ಸೇರದೆ ಕೈತಪ್ಪಿತು. ನನಗೆ ಬೆಂಕಿಗಿಂತ ಈ ಸದ್ದಿಲ್ಲದ ಸೋರಿಕೆಯೇ ಹೆಚ್ಚು ಭಯಂಕರ. ಅದನ್ನು ತಡೆಯಲು ಕಿಡಿಯನ್ನು ದೂರವಿಟ್ಟರೆ ಸಾಲದು, ಒಂದು ಸೀಲಿನ ಮೈಯನ್ನೂ ಅನುಮಾನಿಸಬೇಕು.

ಎಫ್10ರ ನಂತರದ ಹಾರಾಟ ಜಿಎಸ್ಎಲ್‌ವಿ-ಎಫ್12ರದು. 2023ರ ಮೇ 29ರಂದು ಅದರ ಕ್ರಯೋಜೆನಿಕ್ ಹಂತ ಹೊತ್ತಿತು. ಎನ್‌ವಿಎಸ್-01 ಉಪಗ್ರಹ ಕಕ್ಷೆ ಸೇರಿತು.